ಚಿಪ್‌ಗೆ ತಾಗಿದ ಗಾಳಿ

ಒಂದು ಯೂನಿವರ್ಸಿಟಿಯ ಲ್ಯಾಬ್. ಅಲ್ಲಿ ಇಬ್ಬರು ರಿಸರ್ಚ್ ವಿದ್ಯಾರ್ಥಿಗಳು... ಶಾಂತೇಶ, ತಸ್ಮಿಯಾ.

ತಸ್ಮಿಯಾ ಸೆಮಿಕಂಡಕ್ಟರ್ ಚಿಪ್ ತಯಾರಿಸುತ್ತಿದ್ದಳು. ಕರೆಂಟನ್ನು ಬೇಕೆಂದಾಗ ಬಿಡುವ, ಬೇಡವೆಂದಾಗ ತಡೆಯುವ ವಸ್ತು ಅದು.

ಅದರ ಮೇಲೆ ಶಾಂತೇಶ ಅಲ್ಯೂಮಿನಿಯಂ ಪದರ ಕೂರಿಸಬೇಕು. ವಿಪರೀತ ಚಳಿಯಲ್ಲಿ ಅದು ಸೂಪರ್‌ಕಂಡಕ್ಟರ್ ಆಗುತ್ತದೆ... ಚೂರೂ ನಷ್ಟವಿಲ್ಲದೆ ಕರೆಂಟ್ ಹರಿಸುತ್ತದೆ.

ಎರಡೂ ಸರಿಯಾಗಿ ಕೂಡಿದರೆ ಹೊಸ ಬಗೆಯ ಎಲೆಕ್ಟ್ರಾನಿಕ್ಸ್. ತಸ್ಮಿಯಾಗೆ ಪಿಎಚ್‌ಡಿ.

ನಿಯಮ ಒಂದೇ. ಚಿಪ್ಪನ್ನು ಆಸಿಡ್‌ನಲ್ಲಿ ತೊಳೆದ ಕೂಡಲೇ ಗಾಳಿಯಿಲ್ಲದ ಚೇಂಬರ್‌ಗೆ ಹಾಕಬೇಕು. ತಡವಾದರೆ ಗಾಳಿ ತಾಗಿ ಕಣ್ಣಿಗೆ ಕಾಣದ ತುಕ್ಕು ಹಿಡಿಯುತ್ತದೆ, ಪದರ ಸರಿಯಾಗಿ ಕೂಡುವುದಿಲ್ಲ.

ಆ ದಿನ ಶಾಂತೇಶ ಚಿಪ್ ತೊಳೆದಿಟ್ಟ. ಕಾರಿಡಾರಿನಿಂದ ಗೆಳೆಯರು ಕೂಗಿದರು, "ಬಾರಲೇ ವಿಜ್ಞಾನಿ, ಚಾ ಆರಿ ಹೋಗ್ತೈತಿ!"

ಹೋದ. ಹರಟೆ ಹೊಡೆದು ಬಂದ. ಆಮೇಲೆ ಚಿಪ್ಪನ್ನು ಚೇಂಬರ್‌ಗೆ ಹಾಕಿ ಪದರ ಕೂರಿಸಿದ.

ಮತ್ತೊಮ್ಮೆ ತೊಳೆಯಬಹುದಿತ್ತು... ಸೋಮಾರಿತನ.

ಟೆಸ್ಟ್ ಫೇಲಾಯಿತು. ಗೈಡ್ ಮೇಡಂ ಗ್ರಾಫ್ ನೋಡಿ ಅವನನ್ನು ಕೇಳಿದರು, "ನಿನ್ನ ಕಡೆ ಎಲ್ಲಾ ಸರಿ ಇತ್ತಿಲ್ಲೋ?"

"ಇತ್ತ್ರಿ ಮೇಡಂ."

"ಹಂಗಾರ ತಸ್ಮಿಯಾ, ನಿನ್ನ ಚಿಪ್ಪೇ ಸರಿ ಇಲ್ಲ. ಹೊರಗಿಂದ ತರಸೋಣ. ನೀ ಬ್ಯಾರೆ ಟಾಪಿಕ್ ನೋಡು."

ಮಧ್ಯಾಹ್ನ ತಸ್ಮಿಯಾ ತನ್ನ ಚಿಪ್‌ಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಶಾಂತೇಶನನ್ನು ಕಂಡು ಕಣ್ಣೊರೆಸಿಕೊಂಡಳು.

"ಸಾರಿ ಶಾಂತೇಶ... ನನ್ನ ದೆಸಿಯಿಂದ ನಿನ್ನ ಕೆಲಸಾನೂ ಹಾಳಾತು. ಬಾ, ಚಾ ಕುಡದು ಬರೋಣ. ನಾ ಕೊಡಸ್ತೀನಿ."

ಶಾಂತೇಶ ನಿಂತ ಕಾಲಲ್ಲೇ ಮೇಡಂ ರೂಮಿಗೆ ನಡೆದ.

"ಚಿಪ್ ಚಲೋನ ಇತ್ತ್ರಿ ಮೇಡಂ. ತೊಳದಿಟ್ಟು ನಾನ ಚಾ ಕುಡ್ಯಾಕ ಹೋಗಿದ್ದೆ."

ಮೇಡಂ ಕನ್ನಡಕ ತೆಗೆದಿಟ್ಟರು. "ನನಗ್ಯಾಕ ಹೇಳ್ತಿ? ಮೊದಲು ಆಕಿಗೆ ಹೇಳು, ಹೋಗು."

ಹೇಳಿದ. ತಲೆ ಎತ್ತದೆ ಹೇಳಿದ.

ತಸ್ಮಿಯಾ ಬೈಯಲಿಲ್ಲ. ಡಬ್ಬಿಯಿಂದ ಒಂದು ಚಿಪ್ ತೆಗೆದು ಅವನ ಮುಂದಿಟ್ಟು, "ತೊಳಿ" ಅಂದಳು... ಅಷ್ಟೇ.

ಈ ಸಲ ಎರಡೂ ಕೂಡಿದವು. ಅವಳ ಪಿಎಚ್‌ಡಿ ಉಳಿಯಿತು. ಲ್ಯಾಬಿನವರೆಲ್ಲ ಚಪ್ಪಾಳೆ ತಟ್ಟಿದರು.

ಆದರೆ ಈಗಲೂ ಶಾಂತೇಶ ಚಿಪ್ ತೊಳೆಯಲು ನಿಂತರೆ, ತಸ್ಮಿಯಾ ತನ್ನ ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ನಿಲ್ಲುತ್ತಾಳೆ. ಚೇಂಬರ್ ಬಾಗಿಲು ಮುಚ್ಚುವವರೆಗೂ ಕದಲುವುದಿಲ್ಲ.

ಯಾಕೆಂದು ಅವನು ಕೇಳುವುದಿಲ್ಲ...

ತಪ್ಪು ಒಪ್ಪಿಕೊಂಡರೆ ಕೆಲಸ ಉಳಿದೀತು... ಕಳೆದುಕೊಂಡ ನಂಬಿಕೆಯನ್ನು ಮಾತ್ರ ದಿನಾ ದುಡಿದೇ ಗಳಿಸಬೇಕು.

ನಿಮ್ಮ ತಪ್ಪಿಗೆ ಇವತ್ತು ಬೇರೆ ಯಾರಾದರೂ ಸಾರಿ ಕೇಳುತ್ತಿದ್ದಾರಾ?