ಸೇತುವೆಯ ಕೆಳಗೆ ನಿಲ್ಲುವವರು

‘ಗೊತ್ತಾದರೆ ಮುಖ ಎಲ್ಲಿಡಲಿ?’ ಎಂದು ಸುಚೇತಾ ದಿನಚರಿಯಲ್ಲಿ ಬರೆದುಕೊಂಡಳು. ಅವಳು ಪರೀಕ್ಷಿಸಲು ಹೋದಾಗ ಹಳೇ ಸೇತುವೆಯ ಕೆಳಗೆ ಗಂಡಸರು ಸ್ನಾನ ಮಾಡುತ್ತಿದ್ದರು. ಪುರಸಭೆಯ ಈ ಹೊಸ ಇಂಜಿನಿಯರ್ ನಾಚಿಕೊಂಡು, ಇಳಿದು ನೋಡದೆಯೇ ‘ಕಂಬಗಳು ಭದ್ರ’ ಎಂದು ವರದಿ ಕೊಟ್ಟಿದ್ದಳು.

ಮರುದಿನ, ಬಸ್ಸುಗಳನ್ನು ಆ ದಾರಿಗೆ ತಿರುಗಿಸುವ ಮುಂಚೆ, ಜಲ್ಲಿ ತುಂಬಿದ ಲಾರಿಯೊಂದನ್ನು ದಾಟಿಸಿ ನೋಡುವುದಿತ್ತು.

“ಲಾರಿ ದಾಟೋವಾಗ ವರದಿ ಬರೆದೋರು ಕೆಳಗೆ ನಿಂತಿರ್ಬೇಕು. ನಮ್ಮಲ್ಲಿ ಮೊದಲಿಂದ ಬಂದ ಪದ್ಧತಿ,” ಎಂದರು ಹಿರಿಯ ಇಂಜಿನಿಯರ್ ಚನ್ನವೀರಯ್ಯ.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

“ಹೆದರ್ಕೊಂಡ್ಯೇನಮ್ಮಾ? ಬಿಡು, ನಿನ್ನ ಬದ್ಲು ನಾನೇ ನಿಲ್ತೀನಿ. ನೀನು ನೋಡಿ ಬಂದಿದೀಯಲ್ಲ, ಇನ್ನೇನು ಬೇಕು ನಂಗೆ?”

ಪ್ಯಾಂಟು ಮಡಚಿಕೊಂಡು ನೀರಿಗಿಳಿದ ಅವರು ಕಂಬಕ್ಕೊರಗಿ ಕೈಬೀಸಿದರು. ಲಾರಿ ಹೊರಟಿತು.

ಸುಚೇತಾ ಓಡಿಹೋಗಿ ಅದಕ್ಕೆ ಅಡ್ಡ ನಿಂತಳು.

“ಸರ್, ಮೇಲೆ ಬನ್ನಿ! ಕಂಬ ನಾನು ನೋಡೇ ಇಲ್ಲ!”