ಒಣ ಕಲ್ಲಿನ ನೀರು

ಕೆಂಡದ ಮೇಲೆ ಬಿದ್ದ ಪಟಕ ಚುರುಗುಟ್ಟಿತು, ಕರಗಿತು, ಗುಳ್ಳೆಯೆದ್ದು ಕುದಿಯಿತು. ಕೊನೆಗೆ ಸುಟ್ಟ ಹಪ್ಪಳದ ಹಾಗೆ ಬೆಳ್ಳಗೆ ಉಬ್ಬಿ ನಿಂತಿತು. ರಾಡಿ ನೀರು ತಿಳಿಯಾಗಲೆಂದು ಕೊಡದಲ್ಲಿ ಆಡಿಸುವ ಪಟಕವೇ ಅದು. ಶೇಖವ್ವ ಅದನ್ನು ಮೊಮ್ಮಗಳಿಗೆ ಮೂರು ಸುತ್ತು ನಿವಾಳಿಸಿ ಅಗ್ಗಿಷ್ಟಿಗೆಗೆ ಹಾಕಿದ್ದಳು. ನಿನ್ನೆಯಿಂದ ಕೂಸು ಮೊಲೆಗೆ ಬಾಯಿ ಹಚ್ಚದೆ ಅಳುತ್ತಿತ್ತು. ಉಬ್ಬಿದ ಪಟಕದಲ್ಲಿ ಕೆಟ್ಟ ಕಣ್ಣು ಬಿಟ್ಟು ನೆದರು ಹಾಕಿದವರ ಮುಖ ಮೂಡುತ್ತದೆಂದು ಆ ಓಣಿಯಲ್ಲಿ ಎಲ್ಲರೂ ನಂಬಿದ್ದರು.

ಶೇಖವ್ವ ಇಕ್ಕಳದಿಂದ ಅದನ್ನೆತ್ತಿ ಬೆಳಕಿಗೆ ಹಿಡಿದಳು. "ನೋಡವಾ, ಗಿಣಿ ಮೂಗು. ನಮ್ಮ ಮೆಣಸಗಿ ಊರಾಗ ಈ ಮೂಗು ಯಾರದೈತಿ ನೀನs ಹೇಳು."

ಸೊಸೆ ಅನ್ನಪೂರ್ಣಾ ಹೇಳಬೇಕಾಗಿರಲಿಲ್ಲ. ಆ ಮೂಗಿನ ಹುಚ್ಚವ್ವ, ದಿನಾ ಕೂಸಿಗೆ ಎಣ್ಣೆ ತಿಕ್ಕಿ ಎರೆಯಲು ಬರುವವಳು, ಆಗಲೇ ಹೊಸ್ತಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಒಳಗೆ ಕಾಲಿಡಬೇಡ ಎಂದಳು ಶೇಖವ್ವ. ಈ ಮಾತು ಬಾವಿಕಟ್ಟೆ ಮುಟ್ಟಿದರೆ ಸಂಜೆಯೊಳಗೆ ಯಾವ ಬಾಣಂತಿಯ ಮನೆಯಲ್ಲೂ ತನ್ನನ್ನು ಸೇರಿಸುವುದಿಲ್ಲವೆಂದು ಹುಚ್ಚವ್ವನಿಗೆ ಗೊತ್ತಿತ್ತು. ಆದರೂ ಅವಳು ಕದಲಲಿಲ್ಲ. ಬಾಗಿಲ ಚೌಕಟ್ಟಿಗೆ ಕೈಯೂರಿ ನಿಂತಳು.

"ನಿಮ್ಮ ಮಗನ್ನೂ ನಾನs ಎರದೇನಿ ಅಕ್ಕಾರ. ಅವಾಗೂ ನನಗ ಇದs ಮೂಗು ಇತ್ತು."

ಅನ್ನಪೂರ್ಣಾಳ ಕಣ್ಣು ಕೆಂಡದ ಮೇಲೇ ನೆಟ್ಟಿತ್ತು. ಅಷ್ಟು ಒಣಗಿದ ಹರಳು ಕುದಿದದ್ದು ಹೇಗೆ? ಅವಳು ರೋಣದ ಹೈಸ್ಕೂಲಿನಲ್ಲಿ ಟೀಚರು. ರಜೆ ಹಾಕುವ ಮೊದಲು ಕೊನೆಗೆ ಹೇಳಿದ ಪಾಠ ಬೆಂಕಿ ಉಗುಳುವ ಬೆಟ್ಟಗಳದು. ಸಮುದ್ರದ ತಳದ ಬಂಡೆ ನೆಲದ ಅಡಿಗೆ ಜಾರಿ ಇಳಿಯುತ್ತದೆ, ಆಳಕ್ಕೆ ಹೋದಂತೆ ಬಿಸಿಗೂ ಭಾರಕ್ಕೂ ಸಿಕ್ಕು ತನ್ನೊಳಗಿನ ನೀರನ್ನು ಬಿಟ್ಟುಕೊಡುತ್ತದೆ, ಆ ನೀರು ತಗಲಿದ್ದಕ್ಕೇ ಮೇಲಿನ ಬಿಸಿ ಬಂಡೆ ಕರಗುತ್ತದೆ ಎಂದು ವಿವರಿಸಿದ್ದಳು. ಹಿಂದಿನ ಬೆಂಚಿನ ಬಸ್ಯಾ ಎದ್ದು, ಒಣ ಕಲ್ಲಿನಲ್ಲಿ ನೀರು ಎಲ್ಲಿ ಅಡಗಿರುತ್ತದೆ ಎಂದು ಕೇಳಿದ. ಅಷ್ಟರಲ್ಲಿ ಗಂಟೆ ಹೊಡೆಯಿತು. ಬಾಣಂತನಕ್ಕೆ ಕೂತ ಮೇಲೂ ಆ ಪ್ರಶ್ನೆ ಅವಳನ್ನು ಬಿಟ್ಟಿರಲಿಲ್ಲ. ಫ್ಯಾನು ಹಾಕಬೇಡ, ಓದಬೇಡ, ತಣ್ಣೀರು ಮುಟ್ಟಬೇಡ ಎಂದು ಅತ್ತೆ ಅಂದದ್ದಕ್ಕೆಲ್ಲ ಈತನಕ ಅವಳು ಹೂಂಗುಟ್ಟಿದ್ದಳು.

ಈಗ ಕೂಸನ್ನು ಅತ್ತೆಯ ತೊಡೆಗೆ ಹಾಕಿ ಎದ್ದಳು. ಗೋಡೆಯ ಮಾಡದಲ್ಲಿದ್ದ ಪಟಕದಿಂದ ಇನ್ನೊಂದು ಚೂರು ಮುರಿದು, ಯಾರಿಗೂ ನಿವಾಳಿಸದೆ ಕೆಂಡಕ್ಕೆ ಹಾಕಿ, ಮೇಲೆ ತಣ್ಣನೆಯ ಸ್ಟೀಲ್ ತಾಟು ಹಿಡಿದಳು. ಅದೂ ಚುರುಗುಟ್ಟಿತು, ಕುದಿಯಿತು, ಉಬ್ಬಿತು. ತಾಟು ಹೊರಳಿಸಿ ತೋರಿಸಿದಳು. ಅಡಿಯಲ್ಲೆಲ್ಲ ಬೆವರಿನಂತೆ ಹನಿ ಸಾಲುಗಟ್ಟಿದ್ದವು.

"ಇದು ಕಲ್ಲಾಗಿನ ನೀರು ಅತ್ತಿ. ಹರಳು ಹರಳಿನಾಗೂ ಕೂಡಿಕೊಂಡಿರತೈತಿ, ಕಣ್ಣಿಗೆ ಕಾಣಂಗಿಲ್ಲ. ಬೆಂಕಿ ತಾಕಿದ ಕೂಡ್ಲೆ ಹೊರಗ ಬರತೈತಿ, ಬರೂವಾಗ ಕಲ್ಲು ಉಬ್ಬಸತೈತಿ. ಬೆಂಕಿ ಬೆಟ್ಟಕ್ಕೂ ನೀರು ಬರೂದು ಹಿಂಗs, ಕಲ್ಲಿನ ಹೊಟ್ಟ್ಯಾಗಿಂದ."

"ಸಾಲಿ ಮಾತು ಸಾಲ್ಯಾಗ ಇರಲಿ," ಎಂದಳು ಶೇಖವ್ವ.

"ಇರಲ್ರಿ. ಇದನ್ನ ಯಾರಿಗೂ ನಿವಾಳಿಸಿಲ್ಲ ನಾ. ಇದರಾಗ ಯಾರ ಮುಖ ಐತಿ, ಹೇಳ್ರಿ."

ಶೇಖವ್ವ ಬೇಡಬೇಡವೆಂದರೂ ಕತ್ತು ಚಾಚಿ ನೋಡಿದಳು. ಹುಚ್ಚವ್ವನೂ ಹೊರಗಿನಿಂದಲೇ ಬಗ್ಗಿದಳು. "ಇದರಾಗ ಗಲ್ಲ ಭಾಳ ದಪ್ಪ ಅದಾವ. ನನ್ನವಂತೂ ಅಲ್ರಿ ಅಕ್ಕಾರ."

ಶೇಖವ್ವನ ಕೈ ಅವಳಿಗೇ ತಿಳಿಯದೆ ತನ್ನ ಗಲ್ಲಕ್ಕೆ ಹೋಯಿತು. ಅನ್ನಪೂರ್ಣಾ ಅತ್ತೆಯ ತೊಡೆಯಿಂದ ಕೂಸನ್ನು ಎತ್ತಿಕೊಂಡು ನೆಟ್ಟಗೆ ಬಾಗಿಲಿಗೆ ನಡೆದಳು. ಹೊಸ್ತಿಲಾಚೆಗೆ ಕೈ ನೀಡಿ ಹುಚ್ಚವ್ವನ ಕೈಗೆ ಕೊಟ್ಟಳು. ಹುಚ್ಚವ್ವ ಕೂಸಿನ ಹೊಟ್ಟೆಯ ಮೇಲೆ ಎರಡು ಬೆರಳಿಟ್ಟು ನೋಡಿ, ವಾಯು ತುಂಬಿದೆ ಎಂದಳು. ಯಾರ ಅಪ್ಪಣೆಗೂ ಕಾಯದೆ ಒಳಗೆ ಬಂದು ಬಚ್ಚಲ ಒಲೆಯ ಮುಂದೆ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡಳು.

ಶೇಖವ್ವ ಎದ್ದು ಮಾಡದಲ್ಲಿ ಉಳಿದಿದ್ದ ಪಟಕವನ್ನು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು. "ನಾಳೆ ಮತ್ತ ನೆದರು ತಗದು ನೋಡೂಣು."

ಅನ್ನಪೂರ್ಣಾ ಅತ್ತೆಯ ಬೆರಳು ಒಂದೊಂದಾಗಿ ಬಿಡಿಸಿ ಅದನ್ನು ತೆಗೆದುಕೊಂಡಳು. ಮಲಪ್ರಭೆ ಉಕ್ಕಿ ಬಂದಾಗಿನಿಂದ ನಳಕ್ಕೆ ರಾಡಿ ನೀರೇ ಬರುತ್ತಿತ್ತು. ಕೂಸಿಗೆ ಎರೆಯಲು ತುಂಬಿಟ್ಟ ಕೊಡದಲ್ಲಿ ಕೈ ಇಳಿಬಿಟ್ಟು, ಅತ್ತೆ ನೋಡುತ್ತಿರುವಂತೆಯೇ, ಪಟಕವನ್ನು ಮೂರು ಸುತ್ತು ತಿರುಗಿಸಿದಳು. ರಾಡಿ ಮೆಲ್ಲಗೆ ತಳಕ್ಕೆ ಇಳಿಯತೊಡಗಿತು.