ಊದಿದ ಮೇಲೆ

ನಾಟಕ ಮುಗಿದು ಪರದೆ ಬಿದ್ದ ಕೂಡಲೇ ಡಿಪೋ ಮ್ಯಾನೇಜರು ಮೈಕು ಹಿಡಿದು ಬಾಗಿಲಿಗೆ ಅಡ್ಡ ನಿಂತರು. ಬಸ್ ಡಿಪೋದ ವಾರ್ಷಿಕ ನಾಟಕದಲ್ಲಿ ಇದು ಅವರದೇ ಕಟ್ಟಳೆ. ಪ್ರೇಕ್ಷಕರು ಅಭಿಪ್ರಾಯ ಹೇಳದೆ ಊಟಕ್ಕೆ ಏಳುವಂತಿಲ್ಲ. ಮೈಕು ಕುರ್ಚಿಯಿಂದ ಕುರ್ಚಿಗೆ ಹೋಗಲೇಬೇಕು. ಈ ಸಲದ್ದು ಕುಡಿತ ಬಿಡಲಾಗದ ಒಬ್ಬ ಪೈಲಟ್‌ನ ಕಥೆ. ಪಾತ್ರಧಾರಿಗಳು ಬಣ್ಣ ಅಳಿಸದೆ ವೇದಿಕೆಯ ಅಂಚಿನಲ್ಲಿ ಕೂತು ಕಾಯುತ್ತಿದ್ದರು.

“ವಿಮಾನದ ಸದ್ದು ನಮ್ಮ ಹಳೇ ಬಸ್ಸಿನ ಸೈಲೆನ್ಸರ್ ಥರಾನೇ ಇತ್ತು,” ಎಂದ ಮೆಕ್ಯಾನಿಕ್.

ನಿವೃತ್ತ ಡ್ರೈವರೊಬ್ಬರು ಮೈಕನ್ನು ತುಟಿಗೇ ತಾಗಿಸಿಕೊಂಡರು. “ಆಕಾಶದಲ್ಲಿ ಓಡಿಸೋನಿಗೆ ಏನ್ ಕಷ್ಟ ಸ್ವಾಮಿ? ಎದುರಿಗೆ ಎಮ್ಮೆ ಬರುತ್ತಾ, ಸ್ಕೂಟರ್ ನುಗ್ಗುತ್ತಾ? ಅಂಥವನಿಗೆ ಕುಡಿಯೋ ಚಟ ಬೇರೆ ಕೇಡು!”

“ಅವನನ್ನ ಬಿಡಿ, ಆ ಹೆಂಡತಿಗೆ ಮೂಗಿಲ್ವಾ?” ಎಂದಳು ಒಬ್ಬ ಡ್ರೈವರನ ಹೆಂಡತಿ. “ಗೊತ್ತಿದ್ದೂ ಗೊತ್ತಿದ್ದೂ ಏಲಕ್ಕಿ ಕೈಗೆ ಕೊಟ್ಟು ಡ್ಯೂಟಿಗೆ ಕಳಿಸ್ತಾಳಲ್ಲ, ಮೊದಲು ಅವಳನ್ನ ಒಳಗೆ ಹಾಕ್ಬೇಕು.” ಜೋರು ಚಪ್ಪಾಳೆ ಬಿತ್ತು.

ಮುಂದೆ ಮೈಕು ಗೇಟಿನ ಗುಮಾಸ್ತನ ಕೈಗೆ ಬಂತು. ಬೆಳಗಿನ ಪಾಳಿಯ ಡ್ರೈವರುಗಳಿಂದ ಮೆಷಿನ್ನಿನ ಕೊಳವೆಗೆ ಊದಿಸಿ, ಕುಡಿದಿಲ್ಲವೆಂದು ಖಾತ್ರಿಯಾದ ಮೇಲೆ ಬಸ್ಸು ಬಿಡುವುದು ಅವನ ಕೆಲಸ. “ಏಲಕ್ಕಿ ಅಗಿದು ಬಂದು ಪೈಲಟ್ ಪಾಸಾಗ್ತಾನಂತೆ! ನನ್ನ ಮೆಷಿನ್ ಮುಂದೆ ಬಂದು ಊದ್ಲಿ ನೋಡೋಣ. ಏಲಕ್ಕಿ ತೋಟಾನೇ ನುಂಗಿ ಬಂದ್ರೂ ಅದು ಬಿಡಲ್ಲ,” ಎಂದ.

ನಗುತ್ತಲೇ ಅವನು ಮೈಕನ್ನು ಪಕ್ಕದ ಕುರ್ಚಿಗೆ ದಾಟಿಸಿದ. ಅಲ್ಲಿದ್ದವಳು ಬೆಟ್ಟದ ದಾರಿಯ ಮೊದಲ ಬಸ್ಸಿನ ಡ್ರೈವರನ ಹೆಂಡತಿ. ಡಿಪೋದಲ್ಲಿ ಎಲ್ಲರೂ ಅವಳ ಗಂಡನನ್ನು ಚಟಾಕಿ ಎಂದೇ ಕರೆಯುವುದು. ನಗಿಸದೆ ಅವನು ಮಾತು ಮುಗಿಸಿದ್ದಿಲ್ಲ. ‘ಚೆನ್ನಾಗಿತ್ತು’ ಎಂದಷ್ಟೇ ಹೇಳಿ ಮೈಕನ್ನು ಆಚೆ ಪಕ್ಕದಲ್ಲಿ ಕೂತಿದ್ದ ಗಂಡನಿಗೆ ಕೊಡಬೇಕೆಂದು ಅವಳು ಆಗಿನಿಂದ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದಳು.

“ಚೆನ್ನಾಗಿತ್ತು,” ಎಂದಳು. ಮೈಕು ಮಾತ್ರ ಕೈಯಲ್ಲೇ ಉಳಿಯಿತು. “ಆದ್ರೆ ಒಂದು ತಪ್ಪಿದೆ. ಕುಡಿಯೋರು ಊದೋಕೆ ಮುಂಚೆ ಕುಡಿಯಲ್ಲ. ಗೇಟಿನಲ್ಲಿ ಊದೋ ತನಕ ಮಡಿಯಲ್ಲಿ ಇದ್ದ ಹಾಗೆ ಇರ್ತಾರೆ. ಊದಿ, ದಾರಿಗೆ ಬಿದ್ದ ಮೇಲೇ ಬಾಟಲಿ ತೆಗೆಯೋದು. ನೀರಿನ ಬಾಟಲಿ. ನೋಡಿದವರಿಗೆ ನೀರೇ. ಸಂಜೆ ಅದನ್ನ ತೊಳೆಯೋವಾಗ ಗೊತ್ತಾಗುತ್ತೆ. ಮೂಗಿದ್ರೂ ಏನ್ ಮಾಡೋದು?”

“ಇದೆಲ್ಲ ನಿಮಗೆ ಹೇಗಮ್ಮ ಗೊತ್ತು?” ಎಂದು ಮ್ಯಾನೇಜರು ಸಭೆಯ ಹುರುಪಿನಲ್ಲೇ ಕೇಳಿಬಿಟ್ಟರು. ಮಾತು ಮುಗಿಯುವುದರೊಳಗೆ ಅವರ ದನಿ ಇಳಿದಿತ್ತು.

ಸ್ಟಿಯರಿಂಗ್ ಹಿಡಿದು ಕುಡಿದವನಿಗೆ ಆ ಡಿಪೋದಲ್ಲಿ ಕ್ಷಮೆಯಿಲ್ಲ. ಅದು ಅಲ್ಲಿದ್ದವರೆಲ್ಲರಿಗೂ ಗೊತ್ತು. ಬೆಟ್ಟದ ಆ ಮೊದಲ ಬಸ್ಸಿನಲ್ಲಿ ಶಾಲೆಯ ಮಕ್ಕಳೇ ತುಂಬಿರುತ್ತಾರೆ, ಅದೂ ಗೊತ್ತು. ತಾನು ಏನು ಹೇಳಿದೆನೆಂಬುದು ಅವಳಿಗೆ ಈಗ ಹೊಳೆದಿರಬೇಕು. ಮೈಕನ್ನು ಬಿಸಿ ಪಾತ್ರೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

ಗಂಡ ಎದ್ದು ನಿಂತು ಅದನ್ನು ತೆಗೆದುಕೊಂಡ. “ನಮ್ಮನೆಯವಳು ಪತ್ತೇದಾರಿ ಕಾದಂಬರಿ ಜಾಸ್ತಿ ಓದ್ತಾಳೆ ಸಾರ್. ಅಡುಗೆಗೆ ಉಪ್ಪು ಹಾಕೋದು ಮರೆತಾಳು, ಕೊಲೆ ಮಾಡಿದೋನು ಯಾರು ಅನ್ನೋದು ಮರೆಯಲ್ಲ.”

ಸಭೆ ಗೊಳ್ಳೆಂದು ನಕ್ಕಿತು. ಉಸಿರು ಕಟ್ಟಿಕೊಂಡಿದ್ದವರೆಲ್ಲ ಒಟ್ಟಿಗೆ ಬಿಟ್ಟ ಹಾಗಿತ್ತು. ಮ್ಯಾನೇಜರು ಮೈಕಿಗಾಗಿ ಕೈ ಚಾಚಿದರು. ಊಟಕ್ಕೆ ಹೊತ್ತಾಗಿತ್ತು, ಅಲ್ಲಿಗೆ ಮುಗಿಸುವುದು ಎಲ್ಲರಿಗೂ ಬೇಕಾಗಿತ್ತು. ಅವನು ಹೆಂಡತಿಯ ಕಡೆ ನೋಡಿದ. ಅವಳು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಅವನು ಹೊರಗೆ ಹೋಗಲು ದಾರಿಯಾಗಲೆಂದು ಕಾಲುಗಳನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡಳು.

ಅವನು ಹೋಗಲಿಲ್ಲ. ಮೈಕನ್ನು ಮತ್ತೆ ಬಾಯಿಯ ಹತ್ತಿರ ತಂದು ಗುಮಾಸ್ತನ ಕಡೆ ತಿರುಗಿದ. “ಅಣ್ಣಾ, ಬೆಟ್ಟದ ಬುಡದಲ್ಲಿ ಬಸ್ಸು ಟೀಗೆ ನಿಲ್ಲಿಸ್ತೀನಲ್ಲ, ಅಲ್ಲಿಗೂ ನಿನ್ನ ಮೆಷಿನ್ ತಗೊಂಡು ಬಾ.”

“ಶಭಾಷ್ ಚಟಾಕಿ!” ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆ ಇನ್ನೊಮ್ಮೆ ನಕ್ಕಿತು.

“ನಗ್ಬೇಡ್ರೋ,” ಎಂದ ಅವನು.

ಗುಮಾಸ್ತ ಅವನ ಮುಖ ನೋಡಿದ. “ನಾಳೆಯಿಂದ್ಲೇ ಬರ್ಲಾ?” ಎಂದು ಮೆಲ್ಲಗೆ ಕೇಳಿದ. ಮನೆಗೆ ಊಟಕ್ಕೆ ಬರಲೇ ಎಂದು ಕೇಳುವವನಂತೆ.

“ನಾಳೆ ಬಸ್ಸು ಬೇರೆ ಯಾರಿಗಾದ್ರೂ ಕೊಟ್ಬಿಡು.”

ಅವನು ಕೂತ. ಮೈಕು ಆ ಸಾಲಿನಲ್ಲೇ ನಿಂತಿತು. ಮುಂದಕ್ಕೆ ಕೊಡಿರೆಂದು ಮ್ಯಾನೇಜರು ಹೇಳಲಿಲ್ಲ. ಅಷ್ಟರಲ್ಲಿ ಮುಂದಿನ ಸಾಲುಗಳಲ್ಲಿ ಹೆಂಗಸರು ಒಬ್ಬೊಬ್ಬರಾಗಿ, ಸದ್ದಿಲ್ಲದೆ, ಪಕ್ಕದಲ್ಲಿದ್ದ ತಮ್ಮ ತಮ್ಮ ಗಂಡಂದಿರ ಕಡೆ ತಿರುಗತೊಡಗಿದರು. ಗಂಡಸರು ಯಾರೂ ಕತ್ತು ತಿರುಗಿಸಲಿಲ್ಲ.